ಒಂದು ಸ್ಪೀಕರಿಗೆ ಎರಡು ಆಂಪ್ಲಿಫೈಯರ್

ಮನೆಯಲ್ಲಿ ಸಂಗೀತ ಕೇಳಲು ಇಟ್ಟುಕೊಳ್ಳುವ ಸ್ಟೀರಿಯೊ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಒಂದೇ ಆಂಪ್ಲಿಫೈಯರ್ ಇರುತ್ತದೆ. ಅದರ ಒಂದು ಚಾನೆಲ್ ಎಡಗಡೆಯ ಸ್ಪೀಕರನ್ನೂ ಇನ್ನೊಂದು ಚಾನೆಲ್ ಬಲಗಡೆಯದನ್ನೂ ನಡೆಸುತ್ತದೆ. ಈ ರೂಢಿಯನ್ನು ಬಿಟ್ಟು, ಒಂದೊಂದು ಸ್ಪೀಕರ್ ಪೆಟ್ಟಿಗೆಯ ಒಳಗಿರುವ ದೊಡ್ಡ ಮತ್ತು ಸಣ್ಣ ಘಟಕಗಳಿಗೆ ಬೇರೆ ಬೇರೆ ಆಂಪ್ಲಿಫೈಯರುಗಳನ್ನು ಜೋಡಿಸುವ ಕ್ರಮಕ್ಕೆ ಬೈ-ಆಂಪಿಂಗ್ ಎಂದೂ, ಮೂರು ಘಟಕಗಳಿಗೆ ಮೂರನ್ನು ಜೋಡಿಸಿದರೆ ಟ್ರೈ-ಆಂಪಿಂಗ್ ಎಂದೂ ಹೆಸರು. ಮೇಲ್ನೋಟಕ್ಕೆ ಇದು ಭಾರದ ಗಾಡಿಗೆ ಇನ್ನೊಂದು ಜೊತೆ ಎತ್ತು ಕಟ್ಟಿದ ಹಾಗೆ ಬಲ ಹೆಚ್ಚಿಸುವ ಉಪಾಯವೆಂದು ತೋರುತ್ತದೆ, ಮಾರಾಟದ ಮಳಿಗೆಗಳಲ್ಲಿ ಇದನ್ನು ವರ್ಣಿಸುವುದೂ ಬಹುಮಟ್ಟಿಗೆ ಹಾಗೆಯೇ. ಆದರೆ ಎಷ್ಟು ಆಂಪ್ಲಿಫೈಯರುಗಳಿವೆ ಎಂಬುದಕ್ಕಿಂತ, ಸಂಗೀತದ ಸಂಕೇತವನ್ನು ಪಾಲು ಮಾಡುವ ಕೆಲಸ ಆಂಪ್ಲಿಫೈಯರನ್ನು ಹೊಗುವ ಮುನ್ನ ನಡೆಯುತ್ತದೆಯೋ ಅದನ್ನು ದಾಟಿದ ಮೇಲೆ ನಡೆಯುತ್ತದೆಯೋ ಎಂಬುದು ಈ ವಿಷಯದಲ್ಲಿ ಹೆಚ್ಚು ನಿರ್ಣಾಯಕವಾದದ್ದು.

ಪಾಲು ಮಾಡುವ ಅಗತ್ಯವೇ ಏಕೆ ಬಂತು ಎಂಬುದನ್ನು ಮೊದಲು ನೋಡಬೇಕಾಗುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗಿನ ಶಬ್ದವನ್ನು ಗ್ರಹಿಸುತ್ತದೆ. ಸೆಕೆಂಡಿಗೆ ಇಷ್ಟು ಕಂಪನ ಎಂಬ ಈ ಎಣಿಕೆಗೆ ಆವೃತ್ತಿ ಎಂದೂ ಅದರ ಅಳತೆಗೆ ಹರ್ಟ್ಸ್ ಎಂದೂ ಹೆಸರು. ತಗ್ಗಿನ ಆವೃತ್ತಿಯ ಧ್ವನಿಗೆ ಬಹಳಷ್ಟು ಗಾಳಿಯನ್ನು ತಳ್ಳಬಲ್ಲ ಅಗಲವಾದ ಶಂಕು ಬೇಕು, ಎತ್ತರದ ಆವೃತ್ತಿಗೆ ಕ್ಷಣಾರ್ಧದಲ್ಲಿ ಹಿಂದೆ ಮುಂದೆ ಆಡಬಲ್ಲ ಹಗುರವಾದ ಸಣ್ಣ ಗುಮ್ಮಟ ಬೇಕು. ಇವೆರಡೂ ಒಂದೇ ಘಟಕದಲ್ಲಿ ಕೂಡುವುದು ಕಷ್ಟವಾದ್ದರಿಂದ ವೂಫರ್ ಎಂಬ ದೊಡ್ಡದೂ ಟ್ವೀಟರ್ ಎಂಬ ಚಿಕ್ಕದೂ ಹುಟ್ಟಿಕೊಂಡವು. ಇಂದಿನ ಸ್ಪೀಕರುಗಳಿಗೆ ಮಾದರಿಯಾದ, ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿ ಚಲಿಸುವ ಧ್ವನಿವರ್ಧಕವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅವರು 1925ರಲ್ಲಿ ವಿವರಿಸಿದರು. ಅದಾದ ಎಂಟೇ ವರ್ಷಗಳಲ್ಲಿ, 1933ರ ಏಪ್ರಿಲ್ 27ರಂದು, ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಮೂರು ಚಾನೆಲ್‌ಗಳಲ್ಲಿ ಕಳುಹಿಸಿದಾಗ, ಅಲ್ಲಿನ ಸ್ಪೀಕರುಗಳು ಆಗಲೇ 300 ಹರ್ಟ್ಸ್‌ನ ಆಸುಪಾಸಿನಲ್ಲಿ ತಗ್ಗಿನ ಪಾಲು, ಎತ್ತರದ ಪಾಲು ಎಂದು ಇಬ್ಭಾಗವಾಗಿದ್ದವು. ಅಂದಿನ ಪ್ರಸಾರವನ್ನು ವಾಷಿಂಗ್ಟನ್ನಿನ ತುದಿಯಲ್ಲಿ ಕುಳಿತು ನಿಯಂತ್ರಿಸಿದವರು ಆ ವಾದ್ಯವೃಂದದ ಪ್ರಸಿದ್ಧ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ಅವರೇ.

ಈ ಪಾಲನ್ನು ಮಾಡುವ ಸಾಧನಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಮನೆಬಳಕೆಯ ಬಹುಪಾಲು ಸ್ಪೀಕರುಗಳಲ್ಲಿ ಇದು ಪೆಟ್ಟಿಗೆಯ ಒಳಗೆ, ಹಿಂಬದಿಯ ಹಲಗೆಗೆ ತಿರುಪಿನಿಂದ ಬಿಗಿದ ಒಂದು ಪುಟ್ಟ ಫಲಕದ ರೂಪದಲ್ಲಿ ಇರುತ್ತದೆ. ಅದರಲ್ಲಿ ತಾಮ್ರದ ತಂತಿಯ ಸುರುಳಿಗಳು, ಅಂದರೆ ಇಂಡಕ್ಟರುಗಳು, ತಗ್ಗಿನ ಆವೃತ್ತಿಗೆ ದಾರಿ ಬಿಟ್ಟು ಎತ್ತರದ್ದನ್ನು ತಡೆಯುತ್ತವೆ. ಕೆಪಾಸಿಟರುಗಳು ಇದಕ್ಕೆ ತದ್ವಿರುದ್ಧವಾಗಿ ಎತ್ತರದ್ದನ್ನು ಬಿಟ್ಟು ತಗ್ಗಿನದನ್ನು ತಡೆಯುತ್ತವೆ. 8 ಓಮ್ ಎಂದು ಹೇಳಲಾಗುವ ಟ್ವೀಟರಿಗೆ 3,000 ಹರ್ಟ್ಸ್‌ನಿಂದ ಮೇಲಿನದನ್ನಷ್ಟೇ ಸರಳ ರೀತಿಯಲ್ಲಿ ಕೊಡಬೇಕಾದರೆ ಸುಮಾರು 6.6 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಸಾಕು. ಆದರೆ 300 ಹರ್ಟ್ಸ್‌ನಲ್ಲಿ ವೂಫರನ್ನು ಬೇರ್ಪಡಿಸಬೇಕಾದರೆ ನಾಲ್ಕು ಮಿಲಿಹೆನ್ರಿಗೂ ಮೀರಿದ, ಅಂಗೈ ತುಂಬುವಂತಹ ಸುರುಳಿ ಬೇಕಾಗುತ್ತದೆ, ಅಷ್ಟುದ್ದದ ತಾಮ್ರಕ್ಕೆ ತನ್ನದೇ ಆದ ರೋಧವೂ ಇರುತ್ತದೆ. ಹೊರಗಿನಿಂದ ವಿದ್ಯುತ್ತನ್ನು ಬೇಡದೆ ಆಂಪ್ಲಿಫೈಯರಿನಿಂದ ಬಂದ ಶಕ್ತಿಯನ್ನೇ ಹಂಚಿಕೊಂಡು ದುಡಿಯುವ ಇಂತಹ ಫಲಕಕ್ಕೆ ಪ್ಯಾಸಿವ್ ಕ್ರಾಸ್‌ಓವರ್ ಎನ್ನುತ್ತಾರೆ.

ಕೆಲವು ಸ್ಪೀಕರುಗಳ ಹಿಂಬದಿಯಲ್ಲಿ ಎರಡರ ಬದಲು ನಾಲ್ಕು ತಂತಿಕೊಂಡಿಗಳಿದ್ದು, ಮೇಲಿನ ಜೋಡಿಯನ್ನೂ ಕೆಳಗಿನ ಜೋಡಿಯನ್ನೂ ಹಿತ್ತಾಳೆಯ ಪಟ್ಟಿಗಳು ಕೂಡಿಸಿರುವುದನ್ನು ಕಾಣಬಹುದು. ಆ ಪಟ್ಟಿಗಳನ್ನು ಕಳಚಿದರೆ ಕ್ರಾಸ್‌ಓವರಿನ ಎರಡು ಭಾಗಗಳು ಒಂದರಿಂದ ಇನ್ನೊಂದು ಬಿಡಿಯಾಗುತ್ತವೆ; ಆಗ ಮೇಲಿನ ಜೋಡಿಗೆ ಒಂದು ಆಂಪ್ಲಿಫೈಯರನ್ನೂ ಕೆಳಗಿನ ಜೋಡಿಗೆ ಮತ್ತೊಂದನ್ನೂ ಕಟ್ಟಿ, ಎರಡಕ್ಕೂ ಒಂದೇ ಮೂಲಸಂಕೇತವನ್ನು ಕವಲು ತಂತಿಯ ಮೂಲಕ ಕೊಡುವುದು ಪ್ಯಾಸಿವ್ ಬೈ-ಆಂಪಿಂಗ್. ಹೋಮ್ ಥಿಯೇಟರಿನ ಏಳು ಚಾನೆಲ್ ರಿಸೀವರುಗಳಲ್ಲಿ ಕೆಲಸವಿಲ್ಲದೆ ಉಳಿದ ಎರಡು ಚಾನೆಲ್‌ಗಳನ್ನು ಹೀಗೆ ಮುಂಭಾಗದ ಸ್ಪೀಕರುಗಳಿಗೆ ತಿರುಗಿಸುವ ಆಯ್ಕೆಯೂ ಇರುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪಾಲು ಆಗುವುದು ಇನ್ನೂ ಆಂಪ್ಲಿಫೈಯರನ್ನು ದಾಟಿದ ಮೇಲೆಯೇ. ಟ್ವೀಟರಿಗೆ ಕಟ್ಟಿದ ಆಂಪ್ಲಿಫೈಯರ್ ಕೂಡ ಮೃದಂಗದ ಗುಂಕಿಯಿಂದ ಹಿಡಿದು ತಾಳದ ಕಿಣಿಕಿಣಿಯವರೆಗಿನ ಇಡೀ ಸಂಗೀತವನ್ನು ಪೂರ್ಣ ವೋಲ್ಟೇಜಿಗೆ ಹಿಗ್ಗಿಸಲೇಬೇಕು. ಹಿಗ್ಗಿಸಿದ್ದರಲ್ಲಿ ತಗ್ಗಿನ ಪಾಲಿಗೆ ಪ್ರವಾಹ ಹರಿಯಲು ಕೆಪಾಸಿಟರ್ ದಾರಿ ಕೊಡುವುದಿಲ್ಲ, ಅಷ್ಟೇ. ಆದುದರಿಂದ ಒಬ್ಬೊಬ್ಬರ ಹೊರೆ ಪ್ರವಾಹದ ಲೆಕ್ಕದಲ್ಲಿ ತುಸು ಇಳಿಯುತ್ತದೆ, ವೂಫರಿನ ಚಲನೆಯಿಂದ ತಿರುಗಿ ಬರುವ ವಿದ್ಯುತ್ತು ಟ್ವೀಟರಿನ ಆಂಪ್ಲಿಫೈಯರಿಗೆ ತಾಗುವುದಿಲ್ಲ. ಆದರೆ ತಾಳಿಕೊಳ್ಳಬಲ್ಲ ಗರಿಷ್ಠ ವೋಲ್ಟೇಜು ಎಲ್ಲಿತ್ತೋ ಅಲ್ಲಿಯೇ ಉಳಿಯುತ್ತದೆ. 100 ವಾಟ್‌ನ ಎರಡು ಆಂಪ್ಲಿಫೈಯರುಗಳನ್ನು ಹೀಗೆ ಹೂಡಿದವರಿಗೆ 200 ವಾಟ್‌ನ ಫಲ ಸಿಗುವುದಿಲ್ಲ. ಒಂದೇ ರಿಸೀವರಿನ ಚಾನೆಲ್‌ಗಳನ್ನು ಬಳಸಿದಾಗಲಂತೂ ಎಲ್ಲ ಚಾನೆಲ್‌ಗಳೂ ಒಂದೇ ಟ್ರಾನ್ಸ್‌ಫಾರ್ಮರಿನಿಂದ ವಿದ್ಯುತ್ತನ್ನು ಪಡೆಯುವುದರಿಂದ, ಒಂದೇ ಬಾವಿಗೆ ಇನ್ನೊಂದು ರಾಟೆ ಕಟ್ಟಿದಷ್ಟೇ ಲಾಭ. ಈ ಕ್ರಮಕ್ಕೆ ತಗಲುವ ಹಣವನ್ನು ಹೆಚ್ಚು ಒಳ್ಳೆಯ ಒಂದೇ ಆಂಪ್ಲಿಫೈಯರಿಗೋ, ಅದಕ್ಕಿಂತ ಮಿಗಿಲಾಗಿ ಸ್ಪೀಕರಿಗೋ ಹಾಕುವುದು ವಿವೇಕ.

ಕ್ರಾಸ್‌ಓವರನ್ನು ಆಂಪ್ಲಿಫೈಯರಿನ ಮುಂದಕ್ಕೆ ತಂದರೆ ಚಿತ್ರವೇ ಬದಲಾಗುತ್ತದೆ. ಪ್ರಿ-ಆಂಪ್ಲಿಫೈಯರಿನಿಂದ ಹೊರಟ, ಇನ್ನೂ ಒಂದೆರಡು ವೋಲ್ಟ್‌ನಷ್ಟೇ ಇರುವ ಸಂಕೇತವನ್ನು ಒಂದು ಚಿಕ್ಕ ಎಲೆಕ್ಟ್ರಾನಿಕ್ ಸಲಕರಣೆ ತಗ್ಗು ಮತ್ತು ಎತ್ತರ ಎಂದು ಬೇರ್ಪಡಿಸುತ್ತದೆ. ತಗ್ಗಿನದು ಒಂದು ಆಂಪ್ಲಿಫೈಯರಿಗೆ, ಎತ್ತರದ್ದು ಇನ್ನೊಂದಕ್ಕೆ ಹೋಗುತ್ತದೆ. ಅವುಗಳಿಂದ ಹೊರಟ ತಂತಿಗಳು ನಡುವೆ ಯಾವ ಫಲಕವನ್ನೂ ಹಾಯದೆ ನೇರವಾಗಿ ವೂಫರಿಗೂ ಟ್ವೀಟರಿಗೂ ತಲುಪುತ್ತವೆ. ಇದು ಆಕ್ಟಿವ್ ಬೈ-ಆಂಪಿಂಗ್. ಇದರ ಲಾಭವನ್ನು ಒಂದು ಸಣ್ಣ ಲೆಕ್ಕದಲ್ಲಿ ಕಾಣಬಹುದು. 8 ಓಮ್ ಸ್ಪೀಕರಿಗೆ 50 ವಾಟ್ ಕೊಡಬಲ್ಲ ಆಂಪ್ಲಿಫೈಯರಿನ ವೋಲ್ಟೇಜು ಅದರ ನೆತ್ತಿಯಲ್ಲಿ 28 ವೋಲ್ಟ್‌ನ ಹತ್ತಿರಕ್ಕೆ ಏರುತ್ತದೆ. ಮೃದಂಗದ ಎಡಮುಖದ ಮೇಲೆ ಬಿದ್ದ ಒಂದು ಗುಂಕಿ ಆ 28 ವೋಲ್ಟನ್ನೂ ಬಳಸಿಕೊಂಡಿತು ಎಂದಿಟ್ಟುಕೊಂಡರೆ, ಅದೇ ಗಳಿಗೆಯಲ್ಲಿ ಬಲಮುಖದ ಚಾಪು, ತಂಬೂರಿಯ ಮೇಲುಸ್ವರಗಳು, ಗಾಯಕಿಯ ಸಕಾರದ ಸೀಟಿ ಇವೆಲ್ಲ ಕೂಡಿ ಇನ್ನೊಂದು 8 ವೋಲ್ಟ್ ಬೇಡುತ್ತವೆ. ಒಂದೇ ಆಂಪ್ಲಿಫೈಯರ್ ಇದ್ದಲ್ಲಿ ಸಣ್ಣ ಅಲೆ ದೊಡ್ಡ ಅಲೆಯ ಬೆನ್ನೇರಿ ಒಟ್ಟು 36 ವೋಲ್ಟ್ ಆಗುತ್ತದೆ, ಅದನ್ನು ಕೊಡಲು 80 ವಾಟ್‌ನ ಆಂಪ್ಲಿಫೈಯರ್ ಬೇಕು. 50 ವಾಟ್‌ನದಾದರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಕ್ಲಿಪ್ಪಿಂಗ್ ಎಂದು ಕರೆಯುವ ಈ ದೋಷದಲ್ಲಿ ಮೊದಲು ಕಳೆದುಹೋಗುವುದು, ಬೆನ್ನೇರಿ ಕುಳಿತಿದ್ದ ಆ ಸೂಕ್ಷ್ಮ ಧ್ವನಿಗಳೇ. ಪಾಲು ಮೊದಲೇ ಆಗಿದ್ದರೆ ತಗ್ಗಿನ 28 ವೋಲ್ಟನ್ನು 50 ವಾಟ್‌ನ ಆಂಪ್ಲಿಫೈಯರ್ ಪೂರೈಸುತ್ತದೆ, ಎತ್ತರದ 8 ವೋಲ್ಟಿಗೆ ಕೇವಲ 4 ವಾಟ್ ಸಾಕು. ಐವತ್ತನಾಲ್ಕು ವಾಟ್‌ಗಳು ಎಂಬತ್ತರ ಕೆಲಸ ಮಾಡುತ್ತವೆ. ಅದೂ ಸಾಲದೆ ಗುಂಕಿ ಮಿತಿ ಮೀರಿದರೂ ಅದರ ಕತ್ತರಿಸಿದ ಅಂಚಿನ ಕರ್ಕಶತೆ ವೂಫರಿನ ಪಾಲಿಗಷ್ಟೇ ಬರುತ್ತದೆ. ಅಷ್ಟು ಎತ್ತರದ ಆವೃತ್ತಿಗಳನ್ನು ಚೆನ್ನಾಗಿ ನುಡಿಸಲು ವೂಫರಿಗೇ ಬಾರದಿರುವುದರಿಂದ ಕಿವಿಗೆ ಅದು ಹೆಚ್ಚಾಗಿ ತಟ್ಟುವುದಿಲ್ಲ, ಟ್ವೀಟರಿನ ಧ್ವನಿಯಂತೂ ಶುದ್ಧವಾಗಿಯೇ ಉಳಿಯುತ್ತದೆ.

ವೂಫರಿನ ಮೇಲಿನ ಹಿಡಿತವೂ ಬಿಗಿಯಾಗುತ್ತದೆ. ಒಂದು ಏಟಿನ ಅನಂತರ ಶಂಕು ತನ್ನಷ್ಟಕ್ಕೆ ತೂಗಾಡುತ್ತ ಉಳಿಯದಂತೆ ತಡೆಯುವ ಶಕ್ತಿಗೆ ಡ್ಯಾಂಪಿಂಗ್ ಎನ್ನುತ್ತಾರೆ; ಆಂಪ್ಲಿಫೈಯರಿನ ಒಳರೋಧ ಎಷ್ಟು ಕಡಿಮೆಯೋ ಈ ಶಕ್ತಿ ಅಷ್ಟು ಹೆಚ್ಚು. ಒಳರೋಧ 0.02 ಓಮ್ ಇರುವ ಆಂಪ್ಲಿಫೈಯರಿಗೆ 8 ಓಮ್ ಸ್ಪೀಕರಿನ ಲೆಕ್ಕದಲ್ಲಿ ಡ್ಯಾಂಪಿಂಗ್ ಅಂಶ 400 ಎಂದು ಕಂಪನಿಯ ಕೈಪಿಡಿ ಹೆಮ್ಮೆಯಿಂದ ಅಚ್ಚು ಹಾಕುತ್ತದೆ. ಆದರೆ ನಡುವೆ 0.4 ಓಮ್ ರೋಧದ ತಾಮ್ರದ ಸುರುಳಿ ಕುಳಿತುಬಿಟ್ಟರೆ ಆ 400 ಎಂಬುದು 19ಕ್ಕೆ ಇಳಿಯುತ್ತದೆ. ಜೋರಾಗಿ ನುಡಿಸುತ್ತಿದ್ದಾಗ ಸ್ಪೀಕರಿನ ಒಳಸುರುಳಿ ಬಿಸಿಯಾಗುವುದು ಇನ್ನೊಂದು ತೊಡಕು: ತಾಮ್ರದ ಶಾಖ 100 ಡಿಗ್ರಿ ಏರಿದರೆ ಅದರ ರೋಧ ನೂರಕ್ಕೆ 39ರಷ್ಟು ಹೆಚ್ಚುತ್ತದೆ, ಆ ರೋಧವನ್ನೇ ನಂಬಿ ಲೆಕ್ಕ ಹಾಕಿದ್ದ ಪ್ಯಾಸಿವ್ ಕ್ರಾಸ್‌ಓವರಿನ ಗಡಿಯೂ ಜಾರುತ್ತದೆ. ಆಂಪ್ಲಿಫೈಯರಿನ ಮುಂದೆ ಕುಳಿತ ಕ್ರಾಸ್‌ಓವರಿಗೆ ಆ ಬಿಸಿಯ ಸುದ್ದಿಯೇ ತಲುಪುವುದಿಲ್ಲ.

ಈ ಕ್ರಮಕ್ಕೆ ಆಶ್ರಯ ಕೊಟ್ಟವುಗಳಲ್ಲಿ ಬಾನುಲಿ ಕೇಂದ್ರಗಳು ಮುಖ್ಯವಾದವು ಎಂಬುದು ಬಾನುಲಿಯ ಕೇಳುಗರಿಗೆ ಹಿತವಾಗಬಹುದಾದ ಸಂಗತಿ. ಪ್ರಸಾರಕ್ಕೆ ಮುನ್ನ ಧ್ವನಿಯ ಗುಣವನ್ನು ತೂಗಿನೋಡುವ ಕೋಣೆಯಲ್ಲಿ ಸ್ಪೀಕರೇ ತಕ್ಕಡಿ. ಆ ತಕ್ಕಡಿಯೇ ಓರೆಯಾದರೆ ಉಳಿದದ್ದೆಲ್ಲ ಓರೆ. ಬ್ರಿಟನ್ನಿನ ಬಿಬಿಸಿ ಸಂಸ್ಥೆ ರೂಪಿಸಿದ ಎಲ್‌ಎಸ್ 5/8 ಎಂಬ ದೊಡ್ಡ ಸ್ಪೀಕರಿನಲ್ಲಿ 12 ಇಂಚಿನ, ಪಾಲಿಪ್ರೊಪಿಲೀನ್ ಶಂಕುವಿನ ವೂಫರೂ ಒಂದು ಟ್ವೀಟರೂ ಇದ್ದು, ಪ್ರತಿ ಸ್ಪೀಕರಿಗೂ ಒಂದು ಪ್ರತ್ಯೇಕ ಕ್ವಾಡ್ 405 ಆಂಪ್ಲಿಫೈಯರ್ ಜೊತೆಗೂಡಿತ್ತು. ಪೀಟರ್ ವಾಕರ್ ಅವರ ಕಂಪನಿ 1975ರಲ್ಲಿ ಹೊರತಂದ ಈ 405, ಚಾನೆಲ್ ಒಂದಕ್ಕೆ 100 ವಾಟ್ ಕೊಡುವ, ಎಡ ಬಲ ಎರಡನ್ನೂ ನಡೆಸಲೆಂದು ಮಾಡಿದ ಸ್ಟೀರಿಯೊ ಆಂಪ್ಲಿಫೈಯರ್; ಬಿಬಿಸಿಯವರು ಅದಕ್ಕೆ ಆಕ್ಟಿವ್ ಕ್ರಾಸ್‌ಓವರನ್ನು ಸೇರಿಸಿ ಒಂದು ಚಾನೆಲನ್ನು ವೂಫರಿಗೂ ಇನ್ನೊಂದನ್ನು ಟ್ವೀಟರಿಗೂ ಕೊಟ್ಟರು. ಒಂದು ಪೆಟ್ಟಿಗೆಗೆ ಒಂದು ಇಡೀ ಆಂಪ್ಲಿಫೈಯರನ್ನು ಮೀಸಲಿಡುವ ಈ ಜೋಡಣೆಗೆ ಲಂಬ ಬೈ-ಆಂಪಿಂಗ್ ಎಂದೂ, ಒಂದು ಆಂಪ್ಲಿಫೈಯರ್ ಎರಡೂ ವೂಫರುಗಳನ್ನು, ಇನ್ನೊಂದು ಎರಡೂ ಟ್ವೀಟರುಗಳನ್ನು ನಡೆಸುವುದಕ್ಕೆ ಅಡ್ಡ ಬೈ-ಆಂಪಿಂಗ್ ಎಂದೂ ಹೇಳಬಹುದು. ಫಿನ್‌ಲೆಂಡಿನಲ್ಲಿಯೂ ಇದೇ ಬಗೆಯ ಕಥೆ: ಅಲ್ಲಿನ ರಾಷ್ಟ್ರೀಯ ಪ್ರಸಾರ ಸಂಸ್ಥೆಗೆ ಬೇಕಾಗಿದ್ದ, ಆಂಪ್ಲಿಫೈಯರುಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಸ್ಪೀಕರುಗಳನ್ನು ಮಾಡಿಕೊಡುತ್ತ 1978ರಲ್ಲಿ ಈಸಾಲ್ಮಿ ಊರಿನಲ್ಲಿ ಜೆನೆಲೆಕ್ ಕಂಪನಿ ಹುಟ್ಟಿತು.

ಮನೆಯ ಕೇಳುಗರಲ್ಲಿ ಈ ಹವ್ಯಾಸ ಬ್ರಿಟನ್ನಿನಲ್ಲಿ ವಿಪರೀತಕ್ಕೂ ಹೋದದ್ದುಂಟು. ಸ್ಕಾಟ್‌ಲೆಂಡಿನ ಲಿನ್ ಕಂಪನಿಯ ಐಸೋಬಾರಿಕ್ ಎಂಬ ಮೂರು ವಿಭಾಗಗಳ ಸ್ಪೀಕರುಗಳನ್ನು, ಸಾಲಿಸ್‌ಬರಿಯ ನೇಮ್ ಕಂಪನಿಯ ಒಂಟಿ ಚಾನೆಲಿನ ಆರು ಆಂಪ್ಲಿಫೈಯರುಗಳಿಂದ ನಡೆಸುವ ಜೋಡಣೆಗೆ ಅಲ್ಲಿನ ರಸಿಕರು ಸಿಕ್ಸ್ ಪ್ಯಾಕ್ ಎಂದೇ ಹೆಸರಿಟ್ಟಿದ್ದರು. ಎರಡು ಸ್ಪೀಕರುಗಳಿಗಾಗಿ ಒಂದು ಕಪಾಟು ತುಂಬ ಆಂಪ್ಲಿಫೈಯರುಗಳು ಎಂದರೆ ಅದು ಸಂಗೀತದ ಅಗತ್ಯವನ್ನು ಮೀರಿ ಒಡೆಯನ ಅಭಿಮಾನದ ಅಗತ್ಯವೂ ಆಗಿರುತ್ತದೆ.

ಆದರೆ ಬೇರ್ಪಡಿಸಿದ್ದನ್ನು ಮತ್ತೆ ಒಂದಾಗಿ ಕೇಳಿಸುವುದು ಸುಲಭದ ಮಾತಲ್ಲ. ಗಡಿಯ ಆವೃತ್ತಿಯಲ್ಲಿ ವೂಫರ್ ಮತ್ತು ಟ್ವೀಟರ್ ಎರಡೂ ಏಕಕಾಲಕ್ಕೆ ಹಾಡುತ್ತಿರುತ್ತವೆ, ಅಲ್ಲಿ ಇಬ್ಬರ ಅಲೆಗಳು ಹೆಜ್ಜೆ ತಪ್ಪಿದರೆ ಧ್ವನಿ ಉಬ್ಬುತ್ತದೆ ಅಥವಾ ತಗ್ಗುತ್ತದೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಎಂಜಿನಿಯರುಗಳಾಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಮತ್ತು ರಸ್ ರೈಲಿ ಅವರು ಕಂಡುಕೊಂಡು 1976ರಲ್ಲಿ ಪ್ರಕಟವಾದ ಉಪಾಯ ಇಂದಿಗೂ ಈ ಕ್ಷೇತ್ರದ ಆಧಾರಸ್ತಂಭ. ಗಡಿಯ ಮೇಲೆ ಎರಡೂ ಘಟಕಗಳಿಗೆ ಹೋಗುವ ಸಂಕೇತ ಸರಿಯಾಗಿ ಅರ್ಧಕ್ಕೆ, ಅಂದರೆ 6 ಡೆಸಿಬಲ್‌ನಷ್ಟು, ಇಳಿದಿರಬೇಕು. ಎರಡರ ಕಂಪನವೂ ಒಂದೇ ಹೆಜ್ಜೆಯಲ್ಲಿರಬೇಕು. ಆಗ ಅರ್ಧಕ್ಕೆ ಅರ್ಧ ಸೇರಿ ಒಂದಾಗುತ್ತದೆ. ಅವರ ಹೆಸರಿನಲ್ಲೇ ಪ್ರಸಿದ್ಧವಾದ ಈ ಕ್ರಾಸ್‌ಓವರ್ ಸಾಮಾನ್ಯ ರೂಪದಲ್ಲಿ ಗಡಿಯಾಚೆ ಆವೃತ್ತಿ ಇಮ್ಮಡಿಸಿದಂತೆಲ್ಲ 24 ಡೆಸಿಬಲ್‌ನಷ್ಟು ಕಡಿದಾಗಿ ಇಳಿಯುತ್ತದೆ. ಇದರ ಜೊತೆಗೆ ದೂರದ ಲೆಕ್ಕವೂ ಇದೆ. 3,000 ಹರ್ಟ್ಸ್ ಶಬ್ದದ ಒಂದು ಅಲೆ ಗಾಳಿಯಲ್ಲಿ ಕೇವಲ 11 ಸೆಂಟಿಮೀಟರಿನಷ್ಟು ಉದ್ದ. ವೂಫರಿನ ಆಳವಾದ ಶಂಕುವಿನಿಂದಾಗಿ ಅದರ ಧ್ವನಿಯ ಮೂಲ ಟ್ವೀಟರಿಗಿಂತ 3 ಸೆಂಟಿಮೀಟರ್ ಹಿಂದಿದ್ದರೂ ಹೆಜ್ಜೆ ತಪ್ಪಲು ಅದು ಧಾರಾಳವಾಗಿ ಸಾಕು. ಇಂದಿನ ಡಿಜಿಟಲ್ ಕ್ರಾಸ್‌ಓವರುಗಳು ಟ್ವೀಟರಿನ ಸಂಕೇತವನ್ನು ಸೆಕೆಂಡಿನ ದಶಲಕ್ಷದ ಸುಮಾರು 87 ಭಾಗಗಳಷ್ಟು ತಡಮಾಡಿ ಆ 3 ಸೆಂಟಿಮೀಟರನ್ನು ಸರಿದೂಗಿಸುತ್ತವೆ. ಪ್ಯಾಸಿವ್ ಫಲಕದಿಂದ ಇಷ್ಟು ನಿಖರವಾದ ಕೆಲಸ ತೆಗೆಯುವುದು ಬಹಳ ಕಷ್ಟ.

ಇಷ್ಟೆಲ್ಲ ಹೇಳಿದ ಮೇಲೆ, ಈ ವಿದ್ಯೆ ದೂರದ ದೇಶಗಳ ಸಿರಿವಂತ ರಸಿಕರದು ಮಾತ್ರ ಎಂದು ತಿಳಿಯಬೇಕಾಗಿಲ್ಲ. ಕರ್ನಾಟಕದ ಊರುಗಳ ಗಣೇಶನ ಮೆರವಣಿಗೆಯಲ್ಲಿ ಲಾರಿಯ ಮೇಲೆ ಡಿಜೆ ಸೆಟ್ಟು ಹೂಡುವ ಹುಡುಗರು ಎದೆ ನಡುಗಿಸುವ ಬೇಸ್ ಪೆಟ್ಟಿಗೆಗಳಿಗೆ ಬೇರೆ ಆಂಪನ್ನೂ ಮೇಲಿನ ಟಾಪ್ ಪೆಟ್ಟಿಗೆಗಳಿಗೆ ಬೇರೆ ಆಂಪನ್ನೂ ಕೊಟ್ಟು, ನಡುವೆ ಒಂದು ಕ್ರಾಸ್‌ಓವರನ್ನು ಕೂರಿಸಿಕೊಂಡಿರುವುದು ಸಾಮಾನ್ಯ. ಶಬ್ದದ ಪ್ರಮಾಣದ ಬಗ್ಗೆ ಅವರೊಡನೆ ಜಗಳವಾಡಬಹುದೇ ಹೊರತು ತತ್ತ್ವದ ಬಗ್ಗೆ ಅಲ್ಲ. ಟಿವಿಯ ಪಕ್ಕದಲ್ಲಿ ಸ್ವಂತ ಆಂಪ್ಲಿಫೈಯರ್ ಇರುವ ಸಬ್‌ವೂಫರನ್ನು ಇಟ್ಟುಕೊಂಡು 80 ಹರ್ಟ್ಸ್‌ನ ಆಸುಪಾಸಿನ ಗಡಿಯನ್ನು ರಿಮೋಟಿನಲ್ಲಿ ಆರಿಸಿಕೊಂಡ ಗೃಹಸ್ಥರೂ ತಮಗೆ ಅರಿವಿಲ್ಲದೆಯೇ ಆಕ್ಟಿವ್ ಬೈ-ಆಂಪಿಂಗ್ ಮಾಡಿಕೊಂಡಿರುತ್ತಾರೆ. ಮನೆಯ ಕೋಣೆಯಲ್ಲಿ ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ಶಬ್ದ ಕೊಡುವ ಸಾಧಾರಣ ಸ್ಪೀಕರಿಗೆ ಹಿತವಾಗಿ ಕೇಳುವಾಗ ಸರಾಸರಿ ಅರ್ಧ ವಾಟ್ ಸಾಕಾಗುತ್ತದೆ, ಸಂಗೀತದ ಏರುಪೇರಿನಲ್ಲಿ ಸರಾಸರಿಗಿಂತ 20 ಡೆಸಿಬಲ್ ಮೇಲೇರುವ ಏಟುಗಳಿಗೆ ಮಾತ್ರ ಅದರ ನೂರರಷ್ಟು, ಅಂದರೆ 50 ವಾಟ್, ಬೇಕಾಗುತ್ತದೆ. ತಗ್ಗಿನ ಧ್ವನಿಯ ಹೊರೆಯನ್ನು ಸಬ್‌ವೂಫರಿಗೆ ಬಿಟ್ಟುಕೊಟ್ಟ ಮೇಲೆ ಉಳಿದದ್ದಕ್ಕೆ ಸಾಧಾರಣವಾದ ಒಂದು ಆಂಪ್ಲಿಫೈಯರ್ ನಿರಾಯಾಸವಾಗಿ ಸಾಕು; ಬಹುಪಾಲು ಮನೆಗಳಿಗೆ ಒಪ್ಪುವ ಬಹು-ಆಂಪ್ಲಿಫೈಯರ್ ವ್ಯವಸ್ಥೆ ಇದೇ.

ಇದಕ್ಕೂ ಮುಂದೆ ಹೋಗಿ ಸ್ಪೀಕರನ್ನೇ ಬಿಚ್ಚಿ ಎರಡು ಆಂಪ್ಲಿಫೈಯರುಗಳನ್ನು ಹೂಡಹೊರಟವರು ಕೆಲವು ಅಪಾಯಗಳನ್ನು ಅರಿತಿರಬೇಕು. ನಾಲ್ಕು ಕೊಂಡಿಗಳ ಸ್ಪೀಕರಿನಲ್ಲಿ ಹಿತ್ತಾಳೆಯ ಪಟ್ಟಿಗಳನ್ನು ಕಳಚುವುದನ್ನು ಮರೆತರೆ ಎರಡು ಆಂಪ್ಲಿಫೈಯರುಗಳ ಬಾಯಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಒಂದೊಂದರ ಒಳರೋಧ 0.02 ಓಮ್ ಇರುವಾಗ ಅವುಗಳ ನಡುವೆ ಒಂದೇ ಒಂದು ವೋಲ್ಟ್ ವ್ಯತ್ಯಾಸ ಬಂದರೂ, ರಕ್ಷಣಾ ವ್ಯವಸ್ಥೆ ತಡೆಯದಿದ್ದರೆ, 25 ಆಂಪಿಯರ್ ಪ್ರವಾಹ ಹರಿದು ಟ್ರಾನ್ಸಿಸ್ಟರುಗಳು ಸುಟ್ಟುಹೋಗಬಹುದು. ಟ್ವೀಟರಿಗೆ ವಾಲ್ವ್ ಆಂಪ್ಲಿಫೈಯರು, ವೂಫರಿಗೆ ಟ್ರಾನ್ಸಿಸ್ಟರಿನದು ಎಂದು ಆರಿಸುವ ರಸಿಕರೂ ಇದ್ದಾರೆ. ಆದರೆ ಒಂದು ಸಂಕೇತವನ್ನು ಇಪ್ಪತ್ತು ಪಟ್ಟು, ಇನ್ನೊಂದು ಇಪ್ಪತ್ತೆಂಟು ಪಟ್ಟು ಹಿಗ್ಗಿಸುವಂತಿದ್ದರೆ 3 ಡೆಸಿಬಲ್ ವ್ಯತ್ಯಾಸ ಉಂಟಾಗಿ, ಸ್ಪೀಕರನ್ನು ರೂಪಿಸಿದವರು ಕಾದಿಟ್ಟ ಸಮತೋಲ ಹಾಳಾಗುತ್ತದೆ, ಅದನ್ನು ಕ್ರಾಸ್‌ಓವರಿನ ಮಟ್ಟಗಳಲ್ಲಿ ಸರಿಪಡಿಸಿಕೊಳ್ಳಬೇಕು. ಸಲಕರಣೆಗಳು ಹೆಚ್ಚಿದಂತೆ ಅವುಗಳ ಭೂಸಂಪರ್ಕದ ತಂತಿಗಳು ಉಂಗುರವಾಗಿ ಸುತ್ತಿಕೊಂಡು 50 ಹರ್ಟ್ಸ್‌ನ ಗುಂಯ್ ಎಂಬ ನಾದ ಸೇರಿಕೊಳ್ಳುವ ಸಂಭವವೂ ಹೆಚ್ಚುತ್ತದೆ. ಎಲ್ಲವನ್ನೂ ಗೋಡೆಯ ಒಂದೇ ಸಾಕೆಟ್ಟಿನಿಂದ ನಡೆಸಿದರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಆಕ್ಟಿವ್ ಜೋಡಣೆಯಲ್ಲಿ ಟ್ವೀಟರಿನ ಮುಂದೆ ಕೆಪಾಸಿಟರಿನ ಕಾವಲಿಲ್ಲದ ಕಾರಣ ತಂತಿಗಳು ಅದಲುಬದಲಾಗಿ ಗುಂಕಿಯ ಶಕ್ತಿ ಅದರ ಕೂದಲೆಳೆಯಂತಹ ಸುರುಳಿಗೆ ಹೊಕ್ಕರೆ ಅದು ಕ್ಷಣಗಳಲ್ಲಿ ಕರಗಿಹೋಗುತ್ತದೆ. ಆದುದರಿಂದ ಅನುಭವಿಗಳು ಆಕ್ಟಿವ್ ವ್ಯವಸ್ಥೆಯಲ್ಲೂ ಒಂದು ದೊಡ್ಡ ಕೆಪಾಸಿಟರನ್ನು ಟ್ವೀಟರಿನ ದಾರಿಯಲ್ಲಿ ಉಳಿಸಿಕೊಳ್ಳುತ್ತಾರೆ, ಚಾಲೂ ಮಾಡುವಾಗ ಆಂಪ್ಲಿಫೈಯರುಗಳನ್ನು ಕೊನೆಯಲ್ಲಿಯೂ ಆರಿಸುವಾಗ ಮೊದಲಲ್ಲಿಯೂ ಮುಟ್ಟುತ್ತಾರೆ.

ಎಲ್ಲವೂ ಹೊಂದಿಕೊಂಡಿದೆಯೇ ಎಂದು ತಿಳಿಯಲು ಲಿಂಕ್‌ವಿಟ್ಸ್ ರೈಲಿ ಕ್ರಾಸ್‌ಓವರನ್ನು ಬಳಸುವವರು ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಟ್ವೀಟರಿನ ಎರಡು ತಂತಿಗಳನ್ನು ಬೇಕೆಂದೇ ತಿರುಗಾಮುರುಗಾ ಜೋಡಿಸಿ, ಗಡಿಯ ಆವೃತ್ತಿಯ ಒಂದೇ ಸ್ವರವನ್ನು ಸಣ್ಣ ದನಿಯಲ್ಲಿ ನುಡಿಸಿ, ಕೇಳುವ ಜಾಗದಲ್ಲಿ ಇಟ್ಟ ಮೈಕಿನಿಂದ ಅದರ ಮಟ್ಟವನ್ನು ಅಳೆಯುತ್ತಾರೆ. ಈಗ ಒಂದರ ಅಲೆ ಇನ್ನೊಂದರ ಅಲೆಯನ್ನು ನುಂಗಬೇಕು. ಸ್ವರ ಎಷ್ಟು ಆಳಕ್ಕೆ ಕುಸಿಯುತ್ತದೆಯೋ ಹೆಜ್ಜೆಗಳು ಅಷ್ಟು ಸರಿಯಾಗಿ ಕೂಡಿವೆ ಎಂದರ್ಥ. ತಡದ ಅಳತೆಯನ್ನು ಇಷ್ಟಿಷ್ಟೇ ಬದಲಿಸುತ್ತ ಆ ಸ್ವರ ಬಹುತೇಕ ಇಲ್ಲವಾಗುವ ಜಾಗವನ್ನು ಹುಡುಕಿ, ಅಲ್ಲಿ ನಿಲ್ಲಿಸಿ, ತಂತಿಗಳನ್ನು ಮತ್ತೆ ನೆಟ್ಟಗೆ ಜೋಡಿಸಿದರೆ ಅದೇ ಸ್ವರ ತುಂಬಿ ಬರುತ್ತದೆ.